ಒಂದೇ ಚಪ್ಪಲಿಯ ಫೋಟೋ

ಕಣ್ಣಿಗೆ ಕಾಣದ್ದನ್ನು, ಕೈಯಲ್ಲಿ ಮುಟ್ಟಿ ನೋಡಲಾಗದ್ದನ್ನು ನಾನು ನಂಬುವವಳಾಗಿರಲಿಲ್ಲ. ದನದ ವ್ಯಾಪಾರ ಮಾಡಿ ಬದುಕಿದವಳು ನಾನು. ಹಲ್ಲು ಎಣಿಸದೆ, ಕೆಚ್ಚಲು ಮುಟ್ಟದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಯಾವ ಹಸುವಿಗೂ ಬೆಲೆ ಹೇಳಿದವಳಲ್ಲ. ನಮ್ಮ ಹೊಸನಗರದಲ್ಲಿ ಹೆಂಗಸರು ಮಾತಿಗೆ ಕೂತಾಗ, ಇಂಥವರಿಗೆ ಕಾಡಿನ ದಾರಿಯಲ್ಲಿ ಚೌಡಿ ಕಂಡಳಂತೆ, ಯಾರೋ ಹೆಸರು ಹಿಡಿದು ಕೂಗಿದರಂತೆ ಅಂದರೆ, "ಕೂಗಿದೋರ ನಂಬರ್ ತಗೊಂಡ್ರಾ?" ಅಂತ ಕೇಳಿ ನಗಿಸುತ್ತಿದ್ದೆ. ಮೂರು ವರ್ಷದ ಹಿಂದೆ ಮೇ ತಿಂಗಳ ಒಂದು ದಿನದಿಂದ ಈಚೆಗೆ ಅಂಥ ಮಾತು ನನ್ನ ಬಾಯಿಂದ ಬಂದಿಲ್ಲ. ಆವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಅರ್ಥ ಬಿಡಿಸಲು ನಿಮ್ಮಲ್ಲಿ ಯಾರಿಗಾದರೂ ಬಂದರೆ ನನಗೂ ಹೇಳಿ.

ಮೊದಲು ನನ್ನ ಕಸುಬಿನ ಒಂದು ಗುಟ್ಟು ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ಒಂದು ಹಸು ಕಟ್ಟಿ ಹಾಲು ಮಾರಿ ಶುರು ಮಾಡಿದವಳು ನಾನು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನಲ್ಲಿ ಹಾಲು ಕರೆಯುವ ಹಸು ಬೇಕೆಂದವರು ನನಗೆ ಫೋನ್ ಮಾಡುತ್ತಾರೆ. ಮುಂಚೆ ಒಂದು ಹಸು ನೋಡಲು ಒಂದು ದಿನ ಹಾಳಾಗುತ್ತಿತ್ತು. ಆಮೇಲೆ ಫೋಟೋ ಕಳಿಸುವುದು ಬಂತು. ಫೋಟೋದ ಬೆನ್ನಿಗೇ ಸುಳ್ಳೂ ಬಂತು. ಹಸು ಮೈದುಂಬಿಕೊಂಡಿದ್ದ ಕಾಲದ ಫೋಟೋ ಇಟ್ಟುಕೊಂಡು, ಮೂಳೆ ಎದ್ದ ಹಸುವನ್ನು ಮಾರಲು ನೋಡುವವರು ಹೆಚ್ಚಿದರು. ಎರಡು ಸಲ ನಾನೂ ಮೋಸ ಹೋದೆ. ಮೂರನೇ ಸಲ ಹೋಗಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಒಂದು ವಿಷಯ ಕಲಿತಿದ್ದೆ. ಫೋನಿನಲ್ಲಿ ತೆಗೆದ ಪ್ರತಿ ಫೋಟೋದ ಒಳಗೂ ಅದರ ಜಾತಕ ಬರೆದಿರುತ್ತದೆ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ತೆಗೆದದ್ದು, ಯಾವ ಕಂಪನಿಯ ಯಾವ ಮಾಡೆಲ್ ಫೋನು, ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಭೂಮಿಯ ಮೇಲೆ ಯಾವ ಜಾಗ, ಎಲ್ಲವೂ. ಇದಕ್ಕೆ ಮೆಟಾಡೇಟಾ ಅನ್ನುತ್ತಾರೆ. ಫೋಟೋ ತೆರೆದು ಡೀಟೇಲ್ಸ್ ಒತ್ತಿದರೆ ಕಾಣುತ್ತದೆ. ಆದರೆ ವಾಟ್ಸಾಪಿನಲ್ಲಿ ಫೋಟೋವನ್ನು ಫೋಟೋ ಅಂತಲೇ ಕಳಿಸಿದರೆ ದಾರಿಯಲ್ಲಿ ಇದೆಲ್ಲ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಉಳಿಯುತ್ತದೆ. ತೀರ್ಥಹಳ್ಳಿ ಕಡೆಯ ಒಬ್ಬರು ಒಂದು ಜರ್ಸಿ ಹಸುವಿನ ಫೋಟೋ ಕಳಿಸಿ, "ನಿನ್ನೆ ತೆಗ್ದಿದ್ದು ಅಮ್ಮಾ, ಕೆಚ್ಚಲು ನೋಡಿ, ಕೊಡಪಾನ ಇದ್ದಂಗಿದೆ" ಅಂದರು.

"ನೋಡ್ದೆ. ಅದನ್ನೇ ಡಾಕ್ಯುಮೆಂಟ್ ಮಾಡಿ ಇನ್ನೊಂದ್ಸಲ ಕಳ್ಸಿ" ಅಂದೆ. ಪಾಪ, ಕಳಿಸಿದರು.

"ನಿಮ್ ನಿನ್ನೆ ಎರಡು ವರ್ಷದ ಹಿಂದೇನೇ ಆಗಿಹೋಗಿದೆಯಲ್ರೀ. ಈಗಿನ ಕೆಚ್ಚಲು ತೋರ್ಸಿ."

"ಅಮ್ಮಾ, ನೀವು ದನ ತಗೊಳ್ಳೋರೋ ಪೊಲೀಸ್ನೋರೋ?"

"ದನ ತಗೊಳ್ಳೋಳೇ. ಅದ್ಕೇ ಪೊಲೀಸ್ನೋರಿಗಿಂತ ಜಾಸ್ತಿ ಕೇಳೋದು."

ಕೊನೆಗೆ ಅದೇ ಹಸುವನ್ನು ಅದರ ಈಗಿನ ಬೆಲೆಗೆ ಕೊಡಿಸಿದೆ, ಅವರೂ ಚಹಾ ಕೊಟ್ಟೇ ಕಳಿಸಿದರು. ನೀವೂ ಹಳೆ ಬೈಕೋ, ಜಾಗವೋ, ದನವೋ ಕೊಳ್ಳುವಾಗ ಫೋಟೋವನ್ನು ಡಾಕ್ಯುಮೆಂಟ್ ಮಾಡಿಯೇ ತರಿಸಿಕೊಳ್ಳಿ. ನಿಮ್ಮ ಮನೆಯ, ಮಕ್ಕಳ ಫೋಟೋವನ್ನು ಮಾತ್ರ ಗುರುತಿಲ್ಲದವರಿಗೆ ಹಾಗೆ ಕಳಿಸಬೇಡಿ, ಮನೆ ಬಾಗಿಲಿನ ದಾರಿ ಹೇಳಿಕೊಟ್ಟ ಹಾಗಾಗುತ್ತದೆ. ಇನ್ನೊಂದು ಮಾತು, ಫೋನಿನ ಗಡಿಯಾರ ತಪ್ಪಿದ್ದರೆ ಜಾತಕವೂ ತಪ್ಪುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಯೇ ನಂಬಬೇಕು. ನಾನು ಹಾಗೇ ಮಾಡುತ್ತಿದ್ದೆ. ಆವತ್ತೂ ಹಾಗೇ ಮಾಡಿದೆ.

ನಮ್ಮ ವ್ಯಾಪಾರದಲ್ಲಿ ಬೆಲೆ ಮಾತಾಡುವುದು ನಾನು, ಹಸು ನೋಡಲು ಹೋಗುವುದು ನಮ್ಮನೆಯವರು. ಅವರಿಗೆ ಚೌಕಾಶಿ ಬರುವುದಿಲ್ಲ, ಕೇಳಿದಷ್ಟು ಕೊಟ್ಟು ಬರುವ ಜೀವ. ಆದರೆ ದನದ ಮೈ ಸವರಿ ಅದರ ಗುಣ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಹಾಕಿದ್ದ ನಿಯಮ ಒಂದೇ: ಹಸುವಿನ ಹತ್ತಿರ ಹೋದ ತಕ್ಷಣ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಡಾಕ್ಯುಮೆಂಟ್ ಮಾಡಿ ಕಳಿಸಬೇಕು, ಆಮೇಲೆ ಮಾತು.

ಆವತ್ತು ನೋಡಬೇಕಾಗಿದ್ದದ್ದು ಸಾಗರಕ್ಕೂ ಹೊಸನಗರಕ್ಕೂ ನಡುವೆ, ಶರಾವತಿ ಹಿನ್ನೀರಿನ ಅಂಚಿನ ಒಂದು ಊರಿನಲ್ಲಿ ಮಂಜಪ್ಪ ಅನ್ನುವವರ ಹಸು. ಕೋಣಂದೂರಿನ ಒಬ್ಬರು ಅದಕ್ಕಾಗಿ ಕಾದಿದ್ದರು. ನಮ್ಮನೆಯವರು ಒಂಬತ್ತು ಗಂಟೆಗೆ ಬೈಕ್ ಹತ್ತಿ ಹೊರಟರು. "ಹನ್ನೆರಡರ ಒಳಗೆ ಫೋಟೋ ಬರ್ಬೇಕು" ಅಂದೆ. "ಬತ್ತದೆ, ಬತ್ತದೆ" ಅಂದು ಮುಖ ನೋಡದೆ ಹೋದರು. ಮುಖ ನೋಡದೆ ಹೋದದ್ದನ್ನು ಆಗಲೇ ಗಮನಿಸಬೇಕಿತ್ತು.

ಹನ್ನೆರಡಾಯಿತು. ಫೋಟೋ ಇಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್. ಒಂದಾಯಿತು. ಕೋಣಂದೂರಿನವರು ಎರಡು ಸಲ ಫೋನ್ ಮಾಡಿ, "ಏನಕ್ಕಾ, ಹಸು ಫೋಟೋಕ್ಕೆ ಸೀರೆ ಉಡಿಸ್ತಾ ಇದ್ದೀರಾ?" ಅಂತ ತಮಾಷೆ ಮಾಡಿದರು. ನಗು ಬರಲಿಲ್ಲ. ಮಂಜಪ್ಪನವರಿಗೆ ಮಾಡಿದೆ. ಅವರದು ಗುಂಡಿ ಒತ್ತುವ ಹಳೆ ಫೋನು.

"ಇಲ್ಲಕ್ಕಾ, ಇನ್ನೂ ಬಂದಿಲ್ಲ. ನಾನು ಹಸೂನ ತೊಳ್ದು ನಿಲ್ಸಿ ಕಾಯ್ತಾ ಇದೀನಿ. ಅದು ಆಗ್ಲೇ ಮತ್ತೆ ಸಗಣಿ ಮೆತ್ಕೊಂಡಿದೆ."

ಹೊಸನಗರದಿಂದ ಆ ಊರಿಗೆ ಬೈಕಿನಲ್ಲಿ ಹೆಚ್ಚೆಂದರೆ ಒಂದು ಗಂಟೆ. ಹೊರಟು ನಾಲ್ಕು ಗಂಟೆ ಮೇಲಾಗಿತ್ತು. ಗುರುತಿದ್ದ ದಾರಿಯ ಅಂಗಡಿಗಳಿಗೆಲ್ಲ ಫೋನ್ ಮಾಡಿದೆ. ಅಪಘಾತ ಆದ ಸುದ್ದಿ ಎಲ್ಲೂ ಇರಲಿಲ್ಲ. ಆ ರಸ್ತೆಯಲ್ಲಿ ಅವರ ಬೈಕನ್ನು ಕಂಡವರೂ ಇರಲಿಲ್ಲ. ಅದು ಇನ್ನೂ ಹೆಚ್ಚು ಹೆದರಿಸಿತು.

ಎರಡು ನಲವತ್ತಕ್ಕೆ ನನ್ನ ಫೋನು ಸದ್ದು ಮಾಡಿತು. ಅವರ ನಂಬರಿನಿಂದ ಒಂದು ಡಾಕ್ಯುಮೆಂಟ್. ಉಸಿರು ಬಿಟ್ಟು, ಬೈಯಲು ಮಾತು ಜೋಡಿಸಿಕೊಳ್ಳುತ್ತಲೇ ತೆರೆದೆ. ಹಸು ಇರಲಿಲ್ಲ. ಬಿರಿದ ಕೆಸರು ನೆಲ, ಅಲ್ಲಲ್ಲಿ ಹುಲ್ಲು, ನೆಲದ ಮಟ್ಟಕ್ಕೇ ಇದ್ದ ಜಂಬಿಟ್ಟಿಗೆ ಕಲ್ಲಿನ ಒಂದು ಸಾಲು, ಅದರ ಪಕ್ಕ ಒಂದು ಹವಾಯಿ ಚಪ್ಪಲಿ. ಒಂದೇ. ನೀಲಿ ಪಟ್ಟಿ ಕಿತ್ತುಹೋಗಿ ನಾನೇ ಪಿನ್ ಚುಚ್ಚಿಕೊಟ್ಟಿದ್ದ ಚಪ್ಪಲಿ.

ಕೂಡಲೇ ಫೋನ್ ಮಾಡಿದೆ. ಸ್ವಿಚ್ ಆಫ್. ಆದರೂ ಅಭ್ಯಾಸ ಬಿಡಲಿಲ್ಲ, ಡೀಟೇಲ್ಸ್ ಒತ್ತಿದೆ. ದಿನಾಂಕ ಆವತ್ತಿನದೇ. ಹೊತ್ತು ಮಧ್ಯಾಹ್ನ ಒಂದು ಹದಿನೇಳು. ಮಾಡೆಲ್ ಅವರ ಫೋನಿನದೇ. ಕೆಳಗೆ ಜಾಗದ ಅಂಕಿಗಳು. ಅವನ್ನು ಒತ್ತಿದರೆ ಮ್ಯಾಪು ತೆರೆಯಿತು, ಕೆಂಪು ಗುರುತು ಹೋಗಿ ನಿಂತದ್ದು ನೀಲಿ ಬಣ್ಣದ ಮೇಲೆ. ಸುತ್ತ ಯಾವ ದಿಕ್ಕಿಗೆ ಸರಿಸಿದರೂ ನೀಲಿ. ಹಿನ್ನೀರಿನ ನಟ್ಟನಡುವೆ.

ಆ ಎರಡು ನಿಮಿಷ ನನಗೆ ಏನಾಯಿತೆಂದು ಬರೆಯಲು ಬರುವುದಿಲ್ಲ. ನೀರು, ಒಂಟಿ ಚಪ್ಪಲಿ, ಸತ್ತ ಫೋನು. ಬೆಳಗ್ಗೆ ಮುಖ ನೋಡದೆ ಹೋದದ್ದು. ನಾನು ಎಲ್ಲರ ಎದುರು ಅವರ ಚೌಕಾಶಿಯನ್ನು ಆಡಿಕೊಳ್ಳುತ್ತಿದ್ದದ್ದು. ಹೇಗೋ ಮಂಜಪ್ಪನವರಿಗೆ ಫೋನ್ ಹಚ್ಚಿ, "ಅವರು ನೀರಲ್ಲಿದ್ದಾರೆ" ಅಂದೆ. ಫೋಟೋದಲ್ಲಿ ಕಂಡದ್ದನ್ನು ಹೇಳಿದೆ. ಅವರು ಅಂದರು, "ಅಕ್ಕಾ, ನೀವು ಇದೇ ಸೀಮೆಯೋರಲ್ವಾ? ಇದು ಮೇ ತಿಂಗ್ಳು. ಈಗೆಲ್ಲಿದೆ ಅಲ್ಲಿ ನೀರು? ನಮ್ ದನಾನೇ ಅಲ್ಲಿ ಮೇಯ್ತಾವೆ."

ನಾಚಿಕೆಯಾಯಿತು, ಜೀವವೂ ಬಂತು. ಮ್ಯಾಪಿನವರು ಅಣೆಕಟ್ಟೆ ತುಂಬಿದಾಗಿನ ನೀರನ್ನು ವರ್ಷಪೂರ್ತಿ ನೀಲಿಯಾಗಿ ಬರೆದಿಡುತ್ತಾರೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಬಯಲು ಬಿದ್ದಿರುತ್ತದೆ, ಮುಳುಗಿದ ಊರುಗಳ ಗೋಡೆ ಕಟ್ಟೆಗಳು ಮೇಲೆ ಬರುತ್ತವೆ. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದನ್ನು ಬಿಟ್ಟು ಫೋನು ತೋರಿಸಿದ ಬಣ್ಣವನ್ನು ನಂಬಿದ್ದೆ.

"ಕಲ್ಲಿನ ಸಾಲು ಅಂದ್ರೆ ಹಳೇ ಬಾವಿ ಇರ್ಬೋದು. ಆದ್ರೆ ಬಯಲು ಎರಡು ಮೈಲಿ ಇದೆ, ಬಾವಿಗಳು ಎಷ್ಟೋ ಇದಾವೆ. ಯಾವ್ದು ಅಂತ ಹುಡುಕ್ಲಿ?" ಅಂದರು ಮಂಜಪ್ಪ.

"ಹಗ್ಗ, ಜನ ಸೇರ್ಸಿಟ್ಕೊಳ್ಳಿ. ಜಾಗ ನಾನು ತರ್ತೀನಿ" ಅಂದೆ.

ಪಕ್ಕದ ಮನೆಯ ಗಣಪತಿ ಓಮ್ನಿ ಬಾಡಿಗೆಗೆ ಓಡಿಸುತ್ತಾನೆ. ಉಣ್ಣುತ್ತಿದ್ದವನು ಕೈ ತೊಳೆದು ಎದ್ದು ಬಂದ. ಹೊರಡುವ ಮುಂಚೆ ಆ ಪ್ರದೇಶದ ಮ್ಯಾಪನ್ನು ಫೋನಿಗೆ ಇಳಿಸಿಕೊಂಡೆ. ಇದನ್ನೂ ತಿಳಿದಿರಿ, ನೆಟ್‌ವರ್ಕ್ ಹೋದರೂ ಇಳಿಸಿಕೊಂಡ ಮ್ಯಾಪಿನ ಮೇಲೆ ನೀವು ಇರುವ ಜಾಗದ ಚುಕ್ಕಿ ಓಡುತ್ತಲೇ ಇರುತ್ತದೆ. ಅರ್ಧ ದಾರಿಗೇ ಸಿಗ್ನಲ್ ಹೋಯಿತು. ಗಣಪತಿ ಏನೇನೋ ಸಮಾಧಾನ ಹೇಳುತ್ತಿದ್ದ. "ಅಣ್ಣಂಗೆ ಏನೂ ಆಗಿರಲ್ಲ ಅಕ್ಕಾ, ಫೋಟೋ ಕಳ್ಸಿದಾರೆ ಅಂದ್ಮೇಲೆ ಕೈ ಆಡ್ತಿದೆ ಅಂತಾಯ್ತಲ್ಲ." ಆ ಮಾತನ್ನೇ ಹಿಡಿದುಕೊಂಡು ಕೂತೆ. ಫೋಟೋ ಕಳಿಸಿದ್ದಾರೆ, ಕೈ ಆಡುತ್ತಿದೆ.

ರಸ್ತೆ ಮುಗಿದಲ್ಲಿ ಮಂಜಪ್ಪ ನಾಲ್ಕು ಜನರ ಜೊತೆ ನಿಂತಿದ್ದರು. ಸ್ವಲ್ಪ ಆಚೆ ಮತ್ತಿಮರದ ಕೆಳಗೆ ನಮ್ಮನೆಯವರ ಬೈಕು ಇತ್ತು. ಅದು ಸಾಗರದ ಕಡೆಯಿಂದ ಬರುವ ಕಾಲುದಾರಿಯ ತುದಿ. ಹೊಸನಗರದಿಂದ ಹೊರಟವರು ಸಾಗರದ ಕಡೆಯಿಂದ ಯಾಕೆ ಬಂದರು ಅಂತ ಯೋಚಿಸುವ ವ್ಯವಧಾನ ಆಗ ಇರಲಿಲ್ಲ. ಬಯಲಿಗೆ ಇಳಿದೆವು. ನಾನು ಫೋನು ಮುಂದೆ ಹಿಡಿದು ನಡೆದೆ, ನನ್ನ ಹಿಂದೆ ಆರು ಜನ ಗಂಡಸರು ಹಗ್ಗ ಹೊತ್ತು ಬಂದರು. ಮ್ಯಾಪಿನಲ್ಲಿ ನಾವೆಲ್ಲ ನೀರಿನ ಮೇಲೆ ನಡೆಯುತ್ತಿದ್ದೆವು. ಚುಕ್ಕಿ ಗುರುತಿಗೆ ಹತ್ತಿರವಾಗುತ್ತ ಹೋಯಿತು. ಕಂಡರೆ ಏನು ಕಾಣುತ್ತದೋ!

ಮೊದಲು ಕಂಡದ್ದು ಚಪ್ಪಲಿ. ಫೋಟೋದಲ್ಲಿ ಇದ್ದ ಹಾಗೇ, ಅದೇ ಓರೆಯಲ್ಲಿ ಬಿದ್ದಿತ್ತು. ಅದರ ಪಕ್ಕದ ಜಂಬಿಟ್ಟಿಗೆ ಸಾಲಿನ ಆಚೆ ಹುಲ್ಲು ಮುಚ್ಚಿದ ಬಾವಿಯ ಬಾಯಿ. ಕಟ್ಟೆ ಬಿದ್ದುಹೋಗಿ ನೆಲದ ಸಮಕ್ಕೇ ಇತ್ತು, ನಾಲ್ಕು ಮಾರು ದೂರ ನಿಂತರೂ ಗೊತ್ತಾಗುತ್ತಿರಲಿಲ್ಲ. ಎರಡಾಳು ಕೆಳಗೆ, ಹೂಳಿನ ಮೇಲೆ ಅವರು ಒಂದು ಮಗ್ಗುಲಾಗಿ ಬಿದ್ದಿದ್ದರು. "ರೀ" ಅಂತ ಕೂಗಿದೆ. ಎರಡನೇ ಸಲ ಕೂಗಿದಾಗ ತಲೆ ಅಲ್ಲಾಡಿತು.

ಮಂಜಪ್ಪ ಇಳಿದರು. ದನ ಕಟ್ಟುವ ಹಗ್ಗಗಳನ್ನೇ ಹೆಣೆದು, ಕಂಬಳಿಯಲ್ಲಿ ಕೂರಿಸಿ ಎತ್ತಿದರು. ತೊಡೆಯ ಮೂಳೆ ಮುರಿದಿತ್ತು, ತಲೆಗೆ ಪೆಟ್ಟು ಬಿದ್ದಿತ್ತು. ನಾಲಿಗೆ ಒಣಗಿ ಕಟ್ಟಿಗೆಯಾಗಿತ್ತು. ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಆ ರಾತ್ರಿ ಅಲ್ಲೇ ಬಿಟ್ಟಿದ್ದರೆ ಕೈಗೆ ಸಿಗುತ್ತಿರಲಿಲ್ಲ ಅಂದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಮೆಟಾಡೇಟಾದ ಉಪಯೋಗ ಎಂಥದ್ದು ನೋಡಿ ಅಂತ ಊರೂರಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಮಾರನೇ ದಿನ ಬೆಳಗ್ಗೆ ಅವರಿಗೆ ಪೂರ್ತಿ ಎಚ್ಚರವಾಯಿತು. ಗಂಜಿ ಕುಡಿಸುತ್ತಿದ್ದಾಗ ಕೇಳಿದರು:

"ನಾನು ಅಲ್ಲಿದೀನಿ ಅಂತ ನಿಂಗೆ ಯಾರು ಹೇಳಿದ್ರು?"

"ನೀವೇ ಫೋಟೋ ಕಳ್ಸಿದ್ರಲ್ಲ."

"ನಾನಾ? ನನ್ ಹತ್ರ ಫೋನು ಎಲ್ಲಿತ್ತೇ?"

ತಲೆಗೆ ಪೆಟ್ಟು ಬಿದ್ದವರು, ಮರೆತಿರಬೇಕು ಅಂದುಕೊಂಡೆ. ಅವರು ತಪ್ಪು ಮಾಡಿದ ಮಗುವಿನ ಹಾಗೆ ಕಣ್ಣು ತಪ್ಪಿಸಿ ಹೇಳಿದರು. ಹೊರಡುವ ಹಿಂದಿನ ದಿನ ಕೊಟ್ಟಿಗೆಯಲ್ಲಿ ಬಗ್ಗಿದಾಗ ಜೇಬಿನಿಂದ ಫೋನು ಬಿದ್ದು, ಅದರ ಮೇಲೆ ಹಸು ಕಾಲಿಟ್ಟು ಡಿಸ್‌ಪ್ಲೇ ಒಡೆದಿತ್ತು. ನಾನು ಬೈಯುತ್ತೇನೆಂದು ಬಚ್ಚಿಟ್ಟಿದ್ದರು. ಬೆಳಗ್ಗೆ ಮೊದಲು ಸಾಗರಕ್ಕೆ ಹೋಗಿ ಅಬ್ದುಲ್ ಅನ್ನುವವರ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಫೋನು ಕೊಟ್ಟು, ಆ ಕಡೆಯಿಂದ ಹಸು ನೋಡಲು ಹೋಗಿದ್ದರು. ತಡವಾಯಿತೆಂದು ರಸ್ತೆ ಸುತ್ತುವುದು ಬಿಟ್ಟು, ಬೈಕು ಮರದ ಕೆಳಗೆ ನಿಲ್ಲಿಸಿ, ನಡೆದೇ ಬಯಲು ಅಡ್ಡ ಹಾಯ್ದಿದ್ದರು. "ಫೋಟೋ ಕೇಳಿದ್ರೆ ನೆಟ್‌ವರ್ಕ್ ಇರ್ಲಿಲ್ಲ ಅಂದ್ರೆ ಆಯ್ತು ಅಂದ್ಕೊಂಡಿದ್ದೆ" ಅಂದರು. ಜೇಬಿನಲ್ಲಿ ಅಂಗಡಿಯ ಚೀಟಿಯೂ ಇತ್ತು, ಕೆಸರಿನಲ್ಲಿ ಅದ್ದಿ ಹೋಗಿತ್ತು.

ಅವತ್ತೇ ಅಬ್ದುಲ್ ಅಂಗಡಿಗೆ ಹೋದೆ. ಫೋನು ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿತ್ತು. ಹಿಂಬದಿ ಬಿಚ್ಚಿ, ಬ್ಯಾಟರಿ ಪಕ್ಕಕ್ಕೆ ತೆಗೆದಿಟ್ಟು, ಅದರ ಮೇಲೆ ನಮ್ಮನೆಯವರ ಹೆಸರಿನ ಚೀಟಿ. "ಶಿವಮೊಗ್ಗದಿಂದ ಡಿಸ್‌ಪ್ಲೇ ಬರ್ಬೇಕು ಅಕ್ಕಾ. ನಿನ್ನೆ ಹತ್ತೂವರೆಗೆ ಬಿಚ್ಚಿಟ್ಟಿದ್ದು ಹಾಗೇ ಇದೆ" ಅಂದರು.

ನಾನು ಬೆಲೆ ಕೇಳುವ ಹಾಗೆ ಕೇಳಿದೆ, ಮೂರು ಸಲ, ಮೂರು ದಿಕ್ಕಿನಿಂದ. ಮಧ್ಯಾಹ್ನ ಎಲ್ಲಿದ್ದಿರಿ, ಅಂಗಡಿಯಲ್ಲಿ ಇನ್ಯಾರಿದ್ದರು, ಒಂದು ಸಲವಾದರೂ ಆನ್ ಮಾಡಿ ನೋಡಿದಿರಾ. ಸುಳ್ಳು ಹೇಳುವವನು ಎರಡನೇ ಸಲಕ್ಕೆ ಮಾತು ಸ್ವಲ್ಪ ಬದಲಿಸುತ್ತಾನೆ, ಮೂರನೇ ಸಲಕ್ಕೆ ಸಿಟ್ಟಾಗುತ್ತಾನೆ. ಅಬ್ದುಲ್ ಮೂರು ಸಲವೂ ಒಂದೇ ಹೇಳಿದರು. ಕೊನೆಗೆ, "ಬ್ಯಾಟರಿ ಇಲ್ದೆ ಏನು ಆನ್ ಮಾಡೋದಕ್ಕಾ? ಕುಂಕುಮ ಹಚ್ಚೋದಾ?" ಅಂದರು. ನಾನು ಫೋಟೋ ತೋರಿಸಿದೆ. ಹೊತ್ತು, ಮಾಡೆಲ್, ಜಾಗ ಎಲ್ಲ ನೋಡಿದರು. ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿ, ತಾವು ನಿಂತೇ ಇದ್ದರು.

ಎರಡು ದಿನದ ಮೇಲೆ ಡಿಸ್‌ಪ್ಲೇ ಬಂತು. ಅಬ್ದುಲ್ ನನ್ನ ಎದುರೇ ಜೋಡಿಸಿದರು. ಗ್ಯಾಲರಿ ತೆರೆದೆ. ಫೋನು ಒಡೆಯುವ ಮುಂಚೆ ತೆಗೆದಿದ್ದ ಕರುವಿನ ಫೋಟೋ, ಅದರ ಪಕ್ಕ ಕಲ್ಲಿನ ಸಾಲು ಮತ್ತು ಚಪ್ಪಲಿ. ಒಂದು ಹದಿನೇಳು.

ಆಮೇಲೆ ನಾನು ಬಿಡಲಿಲ್ಲ. ಫೋನು ಆಫ್ ಇದ್ದರೂ ಕಂಪ್ಯೂಟರಿನಲ್ಲಿ ಅದೇ ವಾಟ್ಸಾಪ್ ತೆರೆದಿಟ್ಟಿದ್ದರೆ ಕಳಿಸಬಹುದಂತೆ, ಅದನ್ನು ನೋಡಿದೆ, ಬೇರೆ ಯಾವುದಕ್ಕೂ ಜೋಡಿಸಿರಲಿಲ್ಲ. ನಮ್ಮನೆಯವರು ಹಿಂದೆ ಎಂದಾದರೂ ಆ ಬಯಲಿಗೆ ಹೋಗಿದ್ದರಾ ಅಂತ ಕೇಳಿದೆ, ಇಲ್ಲ. ಹೋಗಿದ್ದರೂ, ಆ ಚಪ್ಪಲಿ ಅಲ್ಲಿ ಬಿದ್ದದ್ದು ಅವರು ಬಿದ್ದಾಗಲೇ. ಯಾರೋ ದಾರಿಹೋಕರು ತೆಗೆದರು ಅಂದರೆ, ಅವರು ಬಾವಿಯೊಳಗೆ ಇಣುಕದೆ ಹೋದರೇ? ನಮ್ಮನೆಯವರ ನಂಬರಿನಿಂದ ಕಳಿಸಿದರೇ? ಗಡಿಯಾರ ತಪ್ಪಿತ್ತು ಅನ್ನೋಣವೆಂದರೆ, ಬ್ಯಾಟರಿ ಕಿತ್ತ ಗಡಿಯಾರ ತಪ್ಪಿ ಆವತ್ತಿನ ದಿನಕ್ಕೇ ಸರಿಯಾಗಿ ಬಂದು ನಿಲ್ಲುವುದು ಹೇಗೆ? ತೆಗೆದವರ ನೆರಳಾದರೂ ಬಿದ್ದಿದೆಯಾ ಅಂತ ಹಿಗ್ಗಿಸಿ ನೋಡಿದೆ. ಚಪ್ಪಲಿಯ ಕಿರುನೆರಳಿದೆ, ಕಲ್ಲಿನದಿದೆ. ಇನ್ನೊಂದಿಲ್ಲ.

ನಮ್ಮನೆಯವರು ಹೇಳಿದ್ದು ಒಂದೇ. "ಬಿದ್ದ ಮೇಲೆ ಸ್ವಲ್ಪ ಹೊತ್ತು ಎಚ್ಚರ ಇತ್ತು. ಇದನ್ನೊಂದು ಫೋಟೋ ತೆಗ್ದು ಕಳ್ಸಿದ್ರೆ ಅವಳು ಜಾಗ ಹಿಡೀತಾಳೆ ಅನ್ನಿಸ್ತು. ಫೋನಿಲ್ಲ ಅಂತ ಗೊತ್ತಿದ್ರೂ ಕೈ ಸುಮ್ನೆ ಜೇಬಿಗೆ ಹೋಗ್ತಿತ್ತು, ಹೋಗ್ತಿತ್ತು. ಆಮೇಲೆ ಏನೂ ಗೊತ್ತಿಲ್ಲ."

ಈಗ ಅವರು ಕುಂಟುತ್ತ ಓಡಾಡುತ್ತಾರೆ, ಹಸು ನೋಡಲು ನಾನೂ ಜೊತೆಗೆ ಹೋಗುತ್ತೇನೆ. ಫೋನು ಒಡೆದರೆ ಬೈಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಗಂಡಂದಿರು, ಮಕ್ಕಳು ಒಡೆದದ್ದನ್ನು ಬಚ್ಚಿಡದ ಹಾಗೆ ನೀವೂ ನಡೆದುಕೊಳ್ಳಿ, ಅದೇ ನನ್ನ ಬುದ್ಧಿಮಾತು. ಆದರೆ ಅವರಿಗೆ ಇನ್ನೂ ಹೇಳದ ಒಂದು ವಿಷಯವಿದೆ.

ಆ ಫೋಟೋ ಬಂದು, ಫೋನು ಹತ್ತದೆ ಹೋದಾಗ, ಗಾಬರಿಯಲ್ಲಿ ಅದರ ಕೆಳಗೇ ಒಂದು ಮೆಸೇಜು ಹಾಕಿದ್ದೆ: "ಜೀವ ಇದೆಯಾ ರೀ?" ಹಾಕಿದ್ದೇ ಮರೆತುಹೋಗಿತ್ತು. ತಿಂಗಳ ಮೇಲೆ ಒಂದು ಸಂಜೆ ಕಣ್ಣಿಗೆ ಬಿತ್ತು, ಪಕ್ಕದಲ್ಲಿ ಎರಡು ನೀಲಿ ಟಿಕ್, ಓದಿದ್ದಾರೆ ಅನ್ನುವ ಗುರುತು. ರಿಪೇರಿಯಾದ ಮೇಲೆ ಅವರೇ ತೆರೆದು ನೋಡಿರಬೇಕು ಅಂದುಕೊಂಡೆ. ಮೆಸೇಜನ್ನು ಒತ್ತಿ ಹಿಡಿದರೆ ಅದನ್ನು ಯಾವಾಗ ಓದಿದರು ಅನ್ನುವುದೂ ಬರುತ್ತದೆ. ಒತ್ತಿ ಹಿಡಿದೆ. ಅದೇ ದಿನ, ಎರಡು ನಲವತ್ತನಾಲ್ಕು. ಅವರು ಬಾವಿಯಲ್ಲಿ ಎಚ್ಚರ ತಪ್ಪಿದ್ದರು, ಫೋನು ಸಾಗರದಲ್ಲಿ ಬ್ಯಾಟರಿ ಇಲ್ಲದೆ ತಟ್ಟೆಯಲ್ಲಿತ್ತು. ನಾನು ಕೇಳಿದ್ದನ್ನು ಓದಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.